58 ಲಕ್ಷ ಕೇಳುವ ಮೊದಲು ಏಳನೆಯ ಪುಟ ತೆರೆಯಿರಿ

ಪ್ರಶ್ನೆ: ಬೆಂಗಳೂರಿನ ಮೈಸೂರು ರಸ್ತೆಯ ಕಡೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗದ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ಪಾಠ ಹೇಳಲು ತೊಡಗಿ ಒಂಬತ್ತು ವರ್ಷವಾಯಿತು. ರಾಜಕಾಲುವೆಯಲ್ಲಿ ನೀರಿನ ಮಟ್ಟವನ್ನೂ ಹರಿವಿನ ವೇಗವನ್ನೂ ಅಳೆಯುವ 24 ಗಿಗಾಹರ್ಟ್ಸ್ ರಾಡಾರ್ ಸೆನ್ಸರ್, ಅದಕ್ಕೆ ಬೇಕಾದ ಕಡಿಮೆ ವಿದ್ಯುತ್ತಿನ ಚಿಪ್, ಮಾಹಿತಿ ಕಳುಹಿಸುವ ರೇಡಿಯೊ ಜಾಲ, ಇವು ಮೂರನ್ನೂ ಸೇರಿಸಿ ಸಂಶೋಧನಾ ಪ್ರಸ್ತಾವನೆ ಬರೆದಿದ್ದೇನೆ. ಎರಡು ಬಾರಿ ತಿರಸ್ಕೃತವಾಯಿತು. ಮೊದಲ ಸಲ ‘ಇಂಥ ಸೆನ್ಸರ್‌ಗಳು ಮಾರುಕಟ್ಟೆಯಲ್ಲಿವೆ’ ಎಂದರು, ಎರಡನೆಯ ಸಲ ‘ಉದ್ದೇಶಗಳು ಚದುರಿವೆ, ಬಜೆಟ್ಟಿಗೆ ಸಮರ್ಥನೆ ಇಲ್ಲ’ ಎಂದರು. ಅಮೆರಿಕದಲ್ಲಿರುವ ಗೆಳತಿಯೊಬ್ಬರು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಸಂವಹನ, ಸರ್ಕ್ಯೂಟ್ ಮತ್ತು ಸಂವೇದನಾ ವ್ಯವಸ್ಥೆಗಳಿಗೆಂದೇ ಒಂದು ಕಾರ್ಯಕ್ರಮವಿದೆ ಎನ್ನುತ್ತಾರೆ. ನಮ್ಮಲ್ಲಿ ಅಂಥ ಬಾಗಿಲು ಯಾವುದು? ಅಥವಾ ಈ ಹಣವೆಲ್ಲ ಐಐಎಸ್‌ಸಿ, ಐಐಟಿಗಳಿಗೆ ಮಾತ್ರವೇ? ಎರಡೂ ಪ್ರಸ್ತಾವನೆಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಎರಡನ್ನೂ ಓದಿದೆ. ಮೊದಲ ಆರು ಪುಟ ಮುಗಿಯುವವರೆಗೆ ನಾನೂ ನಿಮ್ಮನ್ನು ತಿರಸ್ಕರಿಸಿದವರ ಪಕ್ಷದಲ್ಲಿಯೇ ಇದ್ದೆ. ನಗರೀಕರಣ, ಹವಾಮಾನ ಬದಲಾವಣೆ, 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದ್ದು, ಸ್ಮಾರ್ಟ್ ಸಿಟಿ, 6ಜಿ, ಕೃತಕ ಬುದ್ಧಿಮತ್ತೆ ಎಲ್ಲವೂ ಅಲ್ಲಿದ್ದವು. ಏಳನೆಯ ಪುಟದ ಕೆಳಗೆ, ‘ಪ್ರಾಥಮಿಕ ಕೆಲಸ’ ಎಂಬ ಶೀರ್ಷಿಕೆಯ ಅಡಿ, ನೀವೇ ಗಮನ ಕೊಡದ ಒಂದು ವಾಕ್ಯವಿದೆ. ವೃಷಭಾವತಿ ಹೊಳೆಯ ಸೇತುವೆಯೊಂದರ ಮೇಲೆ ವಿದ್ಯಾರ್ಥಿಗಳೊಂದಿಗೆ ರಾಡಾರ್ ಕಟ್ಟಿ ಅಳೆದಾಗ, ನೊರೆ ಬಂದ ಹೊತ್ತಿನಲ್ಲಿ ಮಟ್ಟ 40 ಸೆಂಟಿಮೀಟರ್ ಏರಿದಂತೆ ಕಾಣಿಸಿತು. ಆದರೆ ಕಂಬಕ್ಕೆ ಬಳಿದ ಗುರುತಿನ ಪ್ರಕಾರ ನೀರು ಇದ್ದಲ್ಲಿಯೇ ಇತ್ತು ಎಂದು ಬರೆದಿದ್ದೀರಿ. ಅದನ್ನು ಓದಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ನಿಮ್ಮ ಸಂಶೋಧನೆ ಇರುವುದು ಆ ಒಂದು ವಾಕ್ಯದಲ್ಲಿ. ಅದರ ಹಿಂದಿನ ಆರು ಪುಟಗಳನ್ನು ಯಾರು ಬೇಕಾದರೂ ಬರೆಯಬಹುದಿತ್ತು.

ಪರಿಶೀಲನಾ ಸಮಿತಿಯ ಕೋಣೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಕೆಲವು ವರ್ಷ ಅಂಥ ಕೋಣೆಗಳಲ್ಲಿ ಕುಳಿತು ಬಿಸ್ಕತ್ತು ತಿಂದವನು ನಾನು. ಒಂದು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಪ್ರಸ್ತಾವನೆಗಳು. ಒಂದೊಂದಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಸದಸ್ಯರು ಕೆಟ್ಟವರಲ್ಲ, ಆದರೆ ದಣಿದಿರುತ್ತಾರೆ. ಮೊದಲು ಸಾರಾಂಶ ಓದುತ್ತಾರೆ, ನಂತರ ನೇರವಾಗಿ ಬಜೆಟ್ ಪುಟಕ್ಕೆ ಹೋಗುತ್ತಾರೆ, ಸಂದೇಹ ಬಂದರೆ ಮಾತ್ರ ನಡುವಿನ ಪುಟಗಳಿಗೆ ಮರಳುತ್ತಾರೆ. ನಿಮ್ಮ ಸಾರಾಂಶದಲ್ಲಿ ‘ಅಗ್ಗದ, ಸ್ವದೇಶಿ ನೀರಿನ ಮಟ್ಟ ಮಾಪಕದ ಅಭಿವೃದ್ಧಿ’ ಎಂದಿದೆ. ರಾಡಾರ್ ಮಟ್ಟ ಮಾಪಕಗಳು ಎಣ್ಣೆ ಟ್ಯಾಂಕುಗಳಲ್ಲಿ, ಅಣೆಕಟ್ಟೆಗಳಲ್ಲಿ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿವೆ. ನಮ್ಮದೇ ನಗರದ ರಾಜಕಾಲುವೆಗಳಲ್ಲಿ ಮಟ್ಟ ಅಳೆಯುವ ಸೆನ್ಸರ್‌ಗಳನ್ನು ಆಗಲೇ ಅಳವಡಿಸಿದ್ದಾರೆ. ಹಾಗಿರುವಾಗ ‘ಮಾರುಕಟ್ಟೆಯಲ್ಲಿದೆ’ ಎಂದು ಬರೆದ ಪರಿಶೀಲಕರನ್ನು ಬೈಯುವುದು ಹೇಗೆ? ನೀವು ವಸ್ತುವೊಂದನ್ನು ಮಾಡಲು ಹಣ ಕೇಳಿದಿರಿ, ಅವರು ಅಂಗಡಿಯ ವಿಳಾಸ ಕೊಟ್ಟರು.

ಅಂಗಡಿಯಲ್ಲಿ ಸಿಗದಿರುವುದು ಏನು ಎಂದು ನೋಡೋಣ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಇದು ನಿಮಗೆ ಗೊತ್ತಿರುವ ಲೆಕ್ಕವೇ, ಆದರೂ ಎರಡೂ ಪ್ರಸ್ತಾವನೆಗಳಲ್ಲಿ ಎಲ್ಲಿಯೂ ಬರೆದಿಲ್ಲ.

ಆವರ್ತನವನ್ನು ಏರಿಸುತ್ತ ಹೋಗುವ ರಾಡಾರ್‌ನಲ್ಲಿ ಒಂದರ ಹಿಂದೊಂದು ಇರುವ ಎರಡು ಮೇಲ್ಮೈಗಳನ್ನು ಬೇರೆಬೇರೆಯಾಗಿ ಕಾಣುವ ಶಕ್ತಿ ಬ್ಯಾಂಡ್‌ವಿಡ್ತ್‌ನಿಂದ, ಅಂದರೆ ಆವರ್ತನ ಏರುವ ವ್ಯಾಪ್ತಿಯಿಂದ ಬರುತ್ತದೆ. ಬೆಳಕಿನ ವೇಗವನ್ನು ಬ್ಯಾಂಡ್‌ವಿಡ್ತ್‌ನ ಎರಡರಷ್ಟರಿಂದ ಭಾಗಿಸಿದರೆ ಹಾಗೆ ಬೇರ್ಪಡಿಸಬಲ್ಲ ಕನಿಷ್ಠ ಅಂತರ ಸಿಗುತ್ತದೆ. 24ರಿಂದ 24.25 ಗಿಗಾಹರ್ಟ್ಸ್‌ವರೆಗಿನ 250 ಮೆಗಾಹರ್ಟ್ಸ್ ನಿಮ್ಮ ಕೈಯಲ್ಲಿದ್ದರೆ ಅದು 60 ಸೆಂಟಿಮೀಟರ್. ಒಂದೇ ಒಂದು ನಯವಾದ ಮೇಲ್ಮೈ ಇದ್ದಾಗ ಅದರ ದೂರವನ್ನು ಮಿಲಿಮೀಟರ್ ಲೆಕ್ಕದಲ್ಲಿಯೂ ಹೇಳಬಹುದು, ಪ್ರತಿಧ್ವನಿಯ ಹಂತ (ಅಲೆ ತನ್ನ ಏರಿಳಿತದ ಯಾವ ಬಿಂದುವಿನಲ್ಲಿದೆ ಎಂಬುದು) ನೋಡಿದರೆ ಸಾಕು. ಟ್ಯಾಂಕಿನ ಎಣ್ಣೆಗೆ ಈ ಉಪಾಯ ಸಲ್ಲುತ್ತದೆ. ವೃಷಭಾವತಿಯಲ್ಲಿ ನೊರೆಯ ತಲೆ ಒಂದು ಮೇಲ್ಮೈ, ಅದರ 40 ಸೆಂಟಿಮೀಟರ್ ಕೆಳಗಿನ ನೀರು ಇನ್ನೊಂದು. ಅಂತರ 60ಕ್ಕಿಂತ ಕಡಿಮೆ. ಎರಡೂ ಪ್ರತಿಧ್ವನಿಗಳು ಬೆರೆತು ಒಂದೇ ಗುಡ್ಡೆಯಾಗಿ ಕಾಣುತ್ತವೆ. ನೀವು ಕಂಡ 40 ಸೆಂಟಿಮೀಟರ್ ತಪ್ಪು ನಿಮ್ಮ ಬೆಸುಗೆಯ ದೋಷವಲ್ಲ, ಆ ಬ್ಯಾಂಡ್‌ನ ಮಿತಿ.

ನೊರೆಯೂ ಒಂದೇ ತೆರನಲ್ಲ. ಒಣ ನೊರೆಯನ್ನು ಈ ಅಲೆಗಳು ಲೆಕ್ಕಕ್ಕೇ ಇಟ್ಟುಕೊಳ್ಳದೆ ದಾಟಿಹೋಗುತ್ತವೆ. ನೀರು ಹೆಚ್ಚಿರುವ ದಪ್ಪ ನೊರೆ ಅಲೆಗಳನ್ನು ನುಂಗುತ್ತದೆ, ಕೆಲವೊಮ್ಮೆ ತಾನೇ ಪ್ರತಿಫಲಿಸುತ್ತದೆ. ತೇಲಿಬರುವ ಕತ್ತೆಕಿವಿ ಗಿಡದ ಎಲೆಯಲ್ಲಿ ನೀರೇ ತುಂಬಿರುವುದರಿಂದ ಅದು ರಾಡಾರ್‌ಗೆ ಚೆನ್ನಾಗಿ ಕಾಣುತ್ತದೆ. ಥರ್ಮೋಕೋಲ್ ಹಾಳೆ ಬಹುಪಾಲು ಗಾಳಿ. ರಾಡಾರ್‌ಗೆ ಅದು ಇಲ್ಲವೇ ಇಲ್ಲ ಎಂಬಂತೆ, ಆದರೆ ಶಬ್ದದ ಅಲೆ ಬಳಸುವ ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಅದೇ ನೆಲ. ಅಲ್ಟ್ರಾಸಾನಿಕ್‌ಗೆ ಇನ್ನೊಂದು ಕಾಟವೂ ಇದೆ. ಗಾಳಿಯಲ್ಲಿ ಶಬ್ದದ ವೇಗ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಬದಲಾಗುತ್ತದೆ. ಮಳೆ ಬಿದ್ದು ಗಾಳಿ ಹತ್ತು ಡಿಗ್ರಿ ತಣ್ಣಗಾದರೆ, ತಿದ್ದುಪಡಿ ಮಾಡದ ಸೆನ್ಸರ್ ನಾಲ್ಕು ಮೀಟರ್‌ನಲ್ಲಿ ಆರೇಳು ಸೆಂಟಿಮೀಟರ್ ತಪ್ಪು ಹೇಳುತ್ತದೆ. ಅದೂ ಪ್ರವಾಹ ಬರುವ ಗಳಿಗೆಯಲ್ಲಿಯೇ.

ಹರಿವಿನ ಕಥೆ ಇದಕ್ಕಿಂತ ಸೊಗಸಾಗಿದೆ. ರಾಡಾರ್‌ಗೆ ಕಾಣುವುದು ನೀರಿನ ಮೇಲ್ಮೈಯ ವೇಗ ಮಾತ್ರ. ಒಟ್ಟು ಹರಿವು ತಿಳಿಯಲು ಸರಾಸರಿ ವೇಗ ಬೇಕು. ಜಲವಿಜ್ಞಾನದವರು ಸಾಮಾನ್ಯವಾಗಿ ಮೇಲ್ಮೈ ವೇಗವನ್ನು 0.85ರಿಂದ ಗುಣಿಸುತ್ತಾರೆ. ಅದು ಮರ್ಯಾದಸ್ಥ ನದಿಗಳಲ್ಲಿ ಕಂಡುಕೊಂಡ ಸಂಖ್ಯೆ. ಕಾಂಕ್ರೀಟ್ ಗೋಡೆಯ, ಅರ್ಧ ಹೂಳು ತುಂಬಿದ, ಮೇಲೆ ಪ್ಲಾಸ್ಟಿಕ್ ಚೀಲಗಳು ತೇಲುವ ಕಾಲುವೆಯಲ್ಲಿ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ? ನಿಮ್ಮ ಎರಡನೆಯ ಪ್ರಶ್ನೆ ಇದು. ನೊರೆಯ ಕೆಳಗಿನ ನೀರನ್ನು 250 ಮೆಗಾಹರ್ಟ್ಸ್‌ನಲ್ಲಿಯೇ ಬೇರ್ಪಡಿಸಿ ನೋಡಲು ಸಾಧ್ಯವೇ ಎನ್ನುವುದು ಮೊದಲನೆಯದು. ಪ್ರತಿಧ್ವನಿಯ ಬಲದ ಏರಿಳಿತದಿಂದಲೋ, ಧ್ರುವೀಕರಣದಿಂದಲೋ (ಅಲೆ ಕಂಪಿಸುವ ದಿಕ್ಕು), ನೊರೆಯ ನಡುಕಕ್ಕೂ ನೀರಿನ ಹರಿವಿಗೂ ಇರುವ ಡಾಪ್ಲರ್ ವ್ಯತ್ಯಾಸದಿಂದಲೋ, ಅಂದರೆ ಚಲನೆಯಿಂದ ಆವರ್ತನದಲ್ಲಾಗುವ ಬದಲಾವಣೆಯಿಂದಲೋ? 77ರಿಂದ 81 ಗಿಗಾಹರ್ಟ್ಸ್‌ಗೆ ಹೋದರೆ 4 ಗಿಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಸಿಕ್ಕಿ ಅಂತರ 4 ಸೆಂಟಿಮೀಟರ್‌ಗಿಂತ ಕೆಳಗಿಳಿಯುತ್ತದೆ, ನಿಜ. ಹಾಗಾದರೆ 24ರಲ್ಲಿಯೇ ಏಕೆ ಇರಬೇಕು ಎಂದು ಕೇಳುತ್ತಾರೆ. ಉತ್ತರ ನಿಮ್ಮಲ್ಲಿರಬೇಕು. ನನ್ನನ್ನು ಕೇಳಿದರೆ, ಜಡಿಮಳೆಯ ಹನಿಗಳು 77ರಲ್ಲಿ ಮಾಡುವ ಗದ್ದಲ 24ರಲ್ಲಿ ಮಾಡುವುದಕ್ಕಿಂತ ಹೆಚ್ಚು ಎನ್ನುವುದರಿಂದ ಶುರು ಮಾಡುತ್ತೇನೆ.

ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ ಎಂಬ ರೇಡಿಯೊ ದೂರದರ್ಶಕವನ್ನು 2020ರಲ್ಲಿ ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ಮೊದಲ ನಕ್ಷತ್ರಗಳ ಕಾಲದ ಅತಿ ಕ್ಷೀಣ ರೇಡಿಯೊ ಸಂಕೇತ ಸಿಕ್ಕಿತೆಂದು 2018ರಲ್ಲಿ ಎಡ್ಜಸ್ ಎಂಬ ತಂಡ ಹೇಳಿತ್ತಲ್ಲ, ಅದು ನಿಜವೇ ಎಂದು ನೋಡಲು. ಆಂಟೆನಾದ ಕೆಳಗಿನ ನೆಲ ಪದರು ಪದರಾಗಿ ಅಳತೆಗೆ ಗಲಿಬಿಲಿ ತರುತ್ತದೆ, ಏಕರೂಪದ ನೀರಿದ್ದರೆ ಅದು ತಗ್ಗುತ್ತದೆ ಎಂಬ ಕಾರಣಕ್ಕೆ ಕೆರೆ. 2022ರಲ್ಲಿ ಫಲಿತಾಂಶ ಬಂತು: ಆ ಸಂಕೇತ ಆಕಾಶದಿಂದ ಬಂದದ್ದಲ್ಲ. ಈ ಕೆಲಸವನ್ನು ‘ಸ್ವದೇಶಿ ಆಂಟೆನಾ ಅಭಿವೃದ್ಧಿ’ ಎಂದೂ ಕರೆಯಬಹುದಿತ್ತು. ಸರ್ಕ್ಯೂಟ್, ಆಂಟೆನಾ, ಅಳತೆ ಎಲ್ಲವನ್ನೂ ಅವರೇ ಮಾಡಿದರು. ಆದರೆ ಎಲ್ಲವೂ ಒಂದು ಪ್ರಶ್ನೆಯ ಸುತ್ತ ತಿರುಗಿತು. ಅವರು ಗಲಿಬಿಲಿ ಕಳೆದುಕೊಳ್ಳಲು ನೀರಿಗಿಳಿದರು. ನೀವು ಗಲಿಬಿಲಿಯೇ ಆಗಿರುವ ನೀರಿಗೆ ಇಳಿಯುತ್ತಿದ್ದೀರಿ. ಅದೇನೂ ಸಣ್ಣ ಕೆಲಸವಲ್ಲ.

ಇನ್ನು ಬಾಗಿಲುಗಳ ಮಾತು. ನಿಮ್ಮ ಗೆಳತಿ ಹೇಳಿದ್ದು ಸರಿ. ಅಮೆರಿಕದ ಎನ್‌ಎಸ್‌ಎಫ್‌ನಲ್ಲಿ ಈ ಮೂರೂ ವಿಷಯಗಳನ್ನು ಒಟ್ಟಿಗೆ ನೋಡುವ ಕಾರ್ಯಕ್ರಮ ಎಂಜಿನಿಯರಿಂಗ್ ನಿರ್ದೇಶನಾಲಯದ ಅಡಿಯಲ್ಲಿದೆ. ಅಲ್ಲಿ ಪ್ರತಿ ಪ್ರಸ್ತಾವನೆಯನ್ನೂ ಎರಡು ತಕ್ಕಡಿಯಲ್ಲಿ ತೂಗುತ್ತಾರೆ: ಜ್ಞಾನಕ್ಕೆ ಏನು ಸೇರುತ್ತದೆ, ಸಮಾಜಕ್ಕೆ ಏನು ದಕ್ಕುತ್ತದೆ. ಸಾರಾಂಶ ಒಂದೇ ಪುಟ, ವಿವರಣೆ 15 ಪುಟ ಮೀರುವಂತಿಲ್ಲ. ಭಾರತದ ಕಾಲೇಜೊಂದು ನೇರವಾಗಿ ಅಲ್ಲಿ ಕೈಚಾಚಲು ಆಗುವುದಿಲ್ಲ. ಎರಡೂ ದೇಶಗಳು ಸೇರಿ ಆಗಾಗ ಕರೆಯುವ ಜಂಟಿ ಪ್ರಸ್ತಾವನೆಗಳಿವೆ, ಅಲ್ಲಿನವರ ಹಣ ಅಲ್ಲಿ, ನಿಮ್ಮ ಹಣ ಇಲ್ಲಿ. ಗೆಳತಿಗೆ ಅಲ್ಲಿ ಅಧ್ಯಾಪಕ ಹುದ್ದೆ ಇದ್ದರೆ ನೆನಪಿಟ್ಟುಕೊಳ್ಳಿ, ಇಲ್ಲವಾದರೆ ಮರೆತುಬಿಡಿ. ಆದರೆ ಆ ಎರಡು ತಕ್ಕಡಿಯ ಅಭ್ಯಾಸವನ್ನು ಕದ್ದುಕೊಳ್ಳಿ, ಅದಕ್ಕೆ ವೀಸಾ ಬೇಡ.

ನಮ್ಮಲ್ಲಿ ಈ ಮೂರು ವಿಷಯಗಳು ಒಡಹುಟ್ಟಿದವರಾದರೂ ಬೇರೆಬೇರೆ ಮನೆಗಳಲ್ಲಿ ಬೆಳೆಯುತ್ತಿವೆ. ಸಂವಹನ ದೂರಸಂಪರ್ಕ ಇಲಾಖೆಯಲ್ಲಿ, ಚಿಪ್ಪು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದಲ್ಲಿ, ಸೆನ್ಸರ್ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ, ರಾಡಾರ್ ಎಂದೊಡನೆ ರಕ್ಷಣಾ ಇಲಾಖೆಯಲ್ಲಿ. ನೀವು ಮೂವರನ್ನೂ ಒಂದೇ ಪಲ್ಲಕ್ಕಿಯಲ್ಲಿ ಕೂರಿಸಿ ಒಂದೇ ಮನೆಯ ಮುಂದೆ ನಿಂತಿರಿ. ‘ಉದ್ದೇಶಗಳು ಚದುರಿವೆ’ ಎಂಬ ಟಿಪ್ಪಣಿಗೆ ಅರ್ಧ ಕಾರಣ ನೀವು, ಇನ್ನರ್ಧ ಈ ವ್ಯವಸ್ಥೆ. ವ್ಯವಸ್ಥೆಯನ್ನು ನಾವಿಬ್ಬರು ತಿದ್ದಲಾರೆವು, ಪ್ರಸ್ತಾವನೆಯನ್ನು ಒಡೆಯಬಹುದು.

ನೊರೆಯ ಪ್ರಶ್ನೆಗೆ ಸರಿಯಾದ ಮನೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್. 2023ರ ಕಾಯ್ದೆಯಿಂದ ಹುಟ್ಟಿ ಹಳೆಯ ಸರ್ಬ್ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಅನ್ನು ತನ್ನೊಳಗೆ ಸೇರಿಸಿಕೊಂಡ ಸಂಸ್ಥೆ ಇದು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂಬ ಘೋಷಣೆ ಕೇಳಿ ಹಿಗ್ಗಬೇಡಿ, ಅದರ ದೊಡ್ಡ ಪಾಲು ಖಾಸಗಿ ಮೂಲಗಳಿಂದ ಬರಲಿ ಎಂಬುದು ನಿರೀಕ್ಷೆ. ಹೊಸಬರಿಗೆಂದು ಇರುವ ಪ್ರಧಾನಮಂತ್ರಿಯವರ ಹೆಸರಿನ ಆರಂಭಿಕ ಅನುದಾನ ಕೆಲಸಕ್ಕೆ ಸೇರಿದ ಮೊದಲ ವರ್ಷಗಳವರದು. ಒಂಬತ್ತು ವರ್ಷವಾದ ನಿಮಗೆ ಆ ಬಸ್ಸು ತಪ್ಪಿದೆ. ಎಲ್ಲರಿಗೂ ತೆರೆದಿರುವ ಸಾಮಾನ್ಯ ಅನುದಾನಕ್ಕೆ ಹೋಗಿ. ಖಾಸಗಿ ಕಾಲೇಜಾದ್ದರಿಂದ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ನೋಂದಣಿ ಸಂಖ್ಯೆ ಕೇಳುತ್ತಾರೆ. ಕಾಲೇಜಿನ ಕಚೇರಿಯಲ್ಲಿ ಇವತ್ತೇ ವಿಚಾರಿಸಿ. ಕೊನೆಯ ದಿನ ರಾತ್ರಿ ಅದನ್ನು ಹುಡುಕುತ್ತಾ ಕುಳಿತವರನ್ನು ನೋಡಿದ್ದೇನೆ.

ಚಿಪ್ಪಿನ ಭಾಗವನ್ನು ಪೂರ್ತಿ ಹೊರಗೆ ತೆಗೆಯಿರಿ. ಹಾಗೆಂದು ಕೈಬಿಡಬೇಡಿ, ಅದಕ್ಕೆ ಬೇರೆ ದಾರಿಯಿದೆ, ಅದೂ ಹಣ ಕೇಳದೆ. ‘ಚಿಪ್ಸ್ ಟು ಸ್ಟಾರ್ಟಪ್’ ಎಂಬ 250 ಕೋಟಿ ರೂಪಾಯಿಯ ಕಾರ್ಯಕ್ರಮದ ಅಡಿಯಲ್ಲಿ ಸುಮಾರು ನೂರು ಸಂಸ್ಥೆಗಳಿಗೆ ವಿನ್ಯಾಸದ ತಂತ್ರಾಂಶವೂ ಚಿಪ್ಪು ಮಾಡಿಸಿಕೊಳ್ಳುವ ಅವಕಾಶವೂ ಸಿಗುವಂತೆ ಮಾಡಿದ್ದಾರೆ. ಅದನ್ನು ನಡೆಸುವ ಚಿಪ್‌ಇನ್ ಕೇಂದ್ರ ಇರುವುದು ನಮ್ಮ ಊರಿನ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿಯೇ. ಚಿಪ್ಪು ತಯಾರಾಗುವುದು ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ, 180 ನ್ಯಾನೊಮೀಟರ್‌ನಲ್ಲಿ (ಚಿಪ್ಪಿನೊಳಗಿನ ಭಾಗಗಳ ಸೂಕ್ಷ್ಮತೆಯ ಅಳತೆ). ‘180 ಹಳೆಯದಾಯಿತಲ್ಲ’ ಎಂದು ಮೂಗು ಮುರಿಯುವವರಿದ್ದಾರೆ. ನಿಮ್ಮ ಪ್ರಸ್ತಾವನೆಯಲ್ಲಿಯೂ 28 ನ್ಯಾನೊಮೀಟರ್ ಎಂದಿದೆ. ಏಕೆ? 24 ಗಿಗಾಹರ್ಟ್ಸ್‌ನಲ್ಲಿ ಅಲೆ ಕಳುಹಿಸಿ ಹಿಡಿಯುವ ಭಾಗವನ್ನು ಸಿದ್ಧ ಮಾಡ್ಯೂಲ್ ನೋಡಿಕೊಳ್ಳಲಿ. ನಿಮ್ಮ ಚಿಪ್ಪಿಗೆ ಬರುವುದು ಕಳುಹಿಸಿದ ಮತ್ತು ಮರಳಿದ ಅಲೆಗಳ ವ್ಯತ್ಯಾಸದ ಆವರ್ತನ. ಒಂದು ಮಿಲಿಸೆಕೆಂಡಿನಲ್ಲಿ 250 ಮೆಗಾಹರ್ಟ್ಸ್ ಏರಿಸಿದರೆ, ಮೂರು ಮೀಟರ್ ಕೆಳಗಿನ ನೀರು ಕೊಡುವುದು 5 ಕಿಲೋಹರ್ಟ್ಸ್. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನೇರ ಎದುರು ಬರುವ ನೀರಿನ ಡಾಪ್ಲರ್ 320 ಹರ್ಟ್ಸ್, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಎರಡನ್ನೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಬಹುದು! ಇಂಥ ಸಂಕೇತವನ್ನು ವರ್ಧಿಸಿ, ಸೋಸಿ, ಅಂಕಿಗೆ ಇಳಿಸಲು 180 ನ್ಯಾನೊಮೀಟರ್ ಸಾಕು ಮಾತ್ರವಲ್ಲ, ವಿದ್ಯುತ್ ಸೋರುವಿಕೆ ಕಡಿಮೆಯಾದ್ದರಿಂದ ಬ್ಯಾಟರಿಯ ಮೇಲೆ ನಿದ್ದೆ ಮಾಡಬೇಕಾದ ಸೆನ್ಸರ್‌ಗೆ ಅದೇ ಒಳ್ಳೆಯದು. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ನೋಡಿ. ಇಲ್ಲವಾದರೆ ಪಟ್ಟಿಯಲ್ಲಿರುವ ನೆರೆಯ ಕಾಲೇಜಿನ ಗುಂಪಿನೊಂದಿಗೆ ಒಂದು ಎಂ.ಟೆಕ್. ಯೋಜನೆಯಾಗಿ ಆರಂಭಿಸಿ.

ರೇಡಿಯೊ ಜಾಲದ ಭಾಗ ಸದ್ಯಕ್ಕೆ ಸಂಶೋಧನೆಯೇ ಅಲ್ಲ. 865ರಿಂದ 868 ಮೆಗಾಹರ್ಟ್ಸ್ ಪರವಾನಗಿ ಬೇಡದ ಬ್ಯಾಂಡ್, ಸಿದ್ಧ ರೇಡಿಯೊ ತಂದು ಜೋಡಿಸಿ. ಅದನ್ನು ಮೂರನೆಯ ಉದ್ದೇಶವಾಗಿ ಬರೆದದ್ದರಿಂದಲೇ ಪ್ರಸ್ತಾವನೆ ತೆಳ್ಳಗಾಯಿತು. ದೂರಸಂಪರ್ಕ ಇಲಾಖೆಯ ತಂತ್ರಜ್ಞಾನ ಅಭಿವೃದ್ಧಿ ನಿಧಿ 2022ರ ಅಕ್ಟೋಬರ್‌ನಿಂದ ಇದೆ, ಈಗ ಡಿಜಿಟಲ್ ಭಾರತ್ ನಿಧಿಯ ಅಡಿಯಲ್ಲಿ ನಡೆಯುತ್ತದೆ. ಆದರೆ ಅದರ ಮುಖ್ಯ ಒತ್ತು ಹಳ್ಳಿಗಳ ಸಂಪರ್ಕದ ಮೇಲೆ. ಬೆಂಗಳೂರಿನ ಚರಂಡಿಯನ್ನು ಹಳ್ಳಿಯೆಂದು ತೋರಿಸಲು ಹೋಗಬೇಡಿ. ಮುಂದೊಂದು ದಿನ ಕೆರೆಗಳ ಸರಪಳಿಗೆ ಜಾಲ ಕಟ್ಟುವ ಯೋಚನೆ ಬಂದರೆ ಆಗ ನೋಡೋಣ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬೆಂಗಳೂರಿನಲ್ಲಿ ಮುಂದುವರಿದ ಸಂವಹನ ವ್ಯವಸ್ಥೆಗಳಿಗೆಂದೇ ಕಾಮೆಟ್ ಫೌಂಡೇಷನ್ ಇದೆ, ದೇಶದ 25 ತಂತ್ರಜ್ಞಾನ ನಾವೀನ್ಯ ಕೇಂದ್ರಗಳಲ್ಲಿ ಒಂದು. ಅದರ ಕರೆಗಳ ಮೇಲೊಂದು ಕಣ್ಣಿರಲಿ. ಇಸ್ರೊದ ರೆಸ್ಪಾಂಡ್ ಕಾರ್ಯಕ್ರಮ ತನಗೆ ಬೇಕಾದ ಸಮಸ್ಯೆಗಳ ಪಟ್ಟಿಯನ್ನೇ ಪ್ರಕಟಿಸುತ್ತದೆ. ನಿಮ್ಮದು ಅದರಲ್ಲಿದ್ದರೆ ಸರಿ, ಇಲ್ಲದಿದ್ದರೆ ತುರುಕಬೇಡಿ. ಡಿಆರ್‌ಡಿಒಗೂ ಇದೇ ಮಾತು. 2025ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ ಮತ್ತು ನಾವೀನ್ಯ ನಿಧಿಯ ಬಗ್ಗೆ ಕೇಳಿರುತ್ತೀರಿ. ಅದು ಉದ್ಯಮಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಡುವ ಏರ್ಪಾಟು. ನಿಮಗೆ ಸಂಬಂಧವಿಲ್ಲ.

ರಾಜ್ಯದ ಬಾಗಿಲುಗಳನ್ನು ನೀವು ಹೆಸರಿಸಿಯೇ ಇಲ್ಲ. ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ ಕರ್ನಾಟಕದ ಕಾಲೇಜುಗಳ ಪ್ರಯೋಗಾಲಯಗಳಿಗೂ ಅಧ್ಯಾಪಕರಿಗೂ ಅನುದಾನ ಕೊಡುತ್ತ ಬಂದಿದೆ. ಐಐಎಸ್‌ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆಯ ವರ್ಷದ ವಿದ್ಯಾರ್ಥಿಗಳ ಯೋಜನೆಗಳಿಗೆ ಕೆಲವು ಸಾವಿರ ರೂಪಾಯಿ ಕೊಡುತ್ತದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನಬೇಡಿ, ಒಂದು 24 ಗಿಗಾಹರ್ಟ್ಸ್ ಮಾಡ್ಯೂಲ್ ಬರುವುದು ಅಷ್ಟೇ ಹಣಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗಿ. ಮಳೆ ಮಾಪಕಗಳ ಜಾಲ ಅವರದು, ಪ್ರವಾಹದ ಮುನ್ಸೂಚನೆಯ ತಲೆನೋವೂ ಅವರದು. ಅವರಿಂದ ಹಣ ಕೇಳಬೇಡಿ. ‘ಈ ಸ್ಥಳದಲ್ಲಿ ಇಷ್ಟು ಸೆಂಟಿಮೀಟರ್ ನಿಖರತೆಯ ಅಳತೆ ನಮಗೆ ಬೇಕಾಗಿದೆ, ಈಗ ಸಿಗುತ್ತಿಲ್ಲ’ ಎಂಬ ಒಂದು ಪುಟದ ಪತ್ರ ಕೇಳಿ. ಅಂಥ ಪತ್ರ ಲಗತ್ತಾಗಿದ್ದರೆ ನಿಮ್ಮ ಮೊದಲ ಆರು ಪುಟಗಳ ಕೆಲಸ ಮುಗಿಯಿತು.

‘ಐಐಎಸ್‌ಸಿಗೆ ಮಾತ್ರವೇ’ ಎಂಬ ಪ್ರಶ್ನೆಗೆ ಹೌದು, ಅಲ್ಲ ಎಂದು ಎರಡೂ ಹೇಳಬೇಕು. ಸಂಸ್ಥೆಯ ಹೆಸರು ನೋಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ದೊಡ್ಡ ಸಂಸ್ಥೆಯಲ್ಲಿ ಉಪಕರಣ ಆಗಲೇ ಇರುತ್ತದೆ, ಪಕ್ಕದ ಕೋಣೆಯಲ್ಲಿ ಕೇಳಲು ಒಬ್ಬರಿರುತ್ತಾರೆ, ಹಾಗಾಗಿ ಕೊಟ್ಟ ಹಣ ಮುಳುಗುವ ಭಯ ಕಡಿಮೆ. ಸಮಿತಿ ತೂಗುವುದು ಆ ಭಯವನ್ನು. ನೀವು ಅದನ್ನು ಇಳಿಸಬೇಕು. ಹೆಸರಾಂತ ಪ್ರಾಧ್ಯಾಪಕರೊಬ್ಬರನ್ನು ಸಹ ಸಂಶೋಧಕರೆಂದು ಅಂಟಿಸುವುದು ಎಲ್ಲರೂ ಮಾಡುವ ಉಪಾಯ. ಎರಡನೆಯ ಪ್ರಸ್ತಾವನೆಯಲ್ಲಿ ನೀವೂ ಮಾಡಿದ್ದೀರಿ. ಅವರು ಏನು ಮಾಡುತ್ತಾರೆ ಎಂಬ ಅಂಕಣದಲ್ಲಿ ‘ಮಾರ್ಗದರ್ಶನ’ ಎಂದಿದೆ. ಆ ಪದವನ್ನು ಸಮಿತಿಯ ಎಲ್ಲರೂ ಗುರುತಿಸುತ್ತಾರೆ, ಕೆಲವರು ನಗುತ್ತಾರೆ. ಅದರ ಬದಲು ಜಲವಿಜ್ಞಾನದವರೊಬ್ಬರನ್ನು ಸೇರಿಸಿಕೊಳ್ಳಿ. ನಿಮ್ಮದೇ ಕಾಲೇಜಿನ ಸಿವಿಲ್ ವಿಭಾಗದವರಾದರೂ ಸರಿ, ಕಾಲುವೆಗಿಳಿದು ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಹಿಡಿಯುವವರಾಗಬೇಕು. ಆ 0.85ರ ಗತಿ ಏನಾಗುತ್ತದೆ ಎಂದು ರಾಡಾರ್‌ನವರು ಒಬ್ಬರೇ ಹೇಳಲಾರರು.

ಈಗ ಬಜೆಟ್. 40 ಗಿಗಾಹರ್ಟ್ಸ್‌ವರೆಗಿನ ನೆಟ್‌ವರ್ಕ್ ಅನಲೈಸರ್‌ಗೆ (ಆಂಟೆನಾ, ಸರ್ಕ್ಯೂಟ್‌ಗಳನ್ನು ಪರೀಕ್ಷಿಸುವ ಉಪಕರಣ) 32 ಲಕ್ಷ ಬರೆದಿದ್ದೀರಿ. ನೀವು ಒಟ್ಟು ಕೇಳಿದ 58 ಲಕ್ಷ ಚಿಲ್ಲರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪೆಟ್ಟಿಗೆಗೆ, ಅದೂ ಮೂರು ವರ್ಷದಲ್ಲಿ ನಾಲ್ಕೈದು ವಾರ ಬಳಸುವ ಪೆಟ್ಟಿಗೆಗೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದರೆ ಇದೇ. ಐ-ಸ್ಟೆಮ್ ಎಂಬ ಪೋರ್ಟಲ್ 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಉದ್ಘಾಟನೆಯಾಯಿತು. ಸಾರ್ವಜನಿಕ ಹಣದಿಂದ ಕೊಂಡ ಉಪಕರಣಗಳು ಯಾವ ಪ್ರಯೋಗಾಲಯದಲ್ಲಿವೆ ಎಂದು ನೋಡಿ ಅಲ್ಲಿಂದಲೇ ಕಾಯ್ದಿರಿಸಬಹುದು. ಸೆನ್ಸರ್‌ನ ಸೂಕ್ಷ್ಮ ತಯಾರಿಕೆಯ ಹಂತ ಬಂದರೆ ಐಐಎಸ್‌ಸಿಯ ಸೆನ್ಸ್ ಕೇಂದ್ರದ ಕ್ಲೀನ್‌ರೂಮನ್ನು (ಧೂಳಿಲ್ಲದ ತಯಾರಿಕಾ ಕೋಣೆ) ಹೊರಗಿನ ಸಂಶೋಧಕರಿಗೆ ತೆರೆಯುವ ಐಎನ್‌ಯುಪಿ ಎಂಬ ಕಾರ್ಯಕ್ರಮವಿದೆ. 32 ಲಕ್ಷ ಅಳಿಸಿ ಎರಡು ಲಕ್ಷ ಬಾಡಿಗೆ ಎಂದು ಬರೆಯಿರಿ. ಸಮಿತಿಯ ಮುಖಗಳು ಅರಳುವುದನ್ನು ನೀವು ನೋಡಲಾರಿರಿ, ನಾನು ನೋಡಿದ್ದೇನೆ. ಅಂದ ಹಾಗೆ ಆ 32 ಲಕ್ಷದಲ್ಲಿ ಜಿಎಸ್‌ಟಿ ಸೇರಿಸಿರಲಿಲ್ಲ. ಅರ್ಹ ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ರಿಯಾಯಿತಿ 2022ರ ಜುಲೈನಲ್ಲಿ ಹೋಯಿತು. ಶೇ 18 ಹಾಕಿದರೆ ಇನ್ನೂ 5.76 ಲಕ್ಷ, ಅದನ್ನು ಯಾರು ಕಟ್ಟುತ್ತಿದ್ದರು?

ಯೋಜನೆಗೆ ಸೇರಿಸಿಕೊಳ್ಳುವ ಹುಡುಗ ಅಥವಾ ಹುಡುಗಿಯ ಸಂಬಳವನ್ನು ತಿಂಗಳಿಗೆ 37,000 ಗುಣಿಸು 36, ಒಟ್ಟು 13.32 ಲಕ್ಷ ಎಂದಿದ್ದೀರಿ. ಮೊದಲ ಎರಡು ವರ್ಷ ಕಿರಿಯ ಫೆಲೊಶಿಪ್ 37,000, ಮೂರನೆಯ ವರ್ಷ ಹಿರಿಯ ಫೆಲೊಶಿಪ್ 42,000. 2023ರಿಂದ ಇದೇ ದರ. ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಬೆಂಗಳೂರಿಗೆ ಶೇ 30 ಹಿಡಿದರೆ ಒಟ್ಟು 18 ಲಕ್ಷ ದಾಟುತ್ತದೆ. ನಿಮ್ಮ ಲೆಕ್ಕದಲ್ಲಿ ನಾಲ್ಕೂಮುಕ್ಕಾಲು ಲಕ್ಷ ಖೋತಾ. ಪೆಟ್ಟಿಗೆಗೆ ಧಾರಾಳ, ಮನುಷ್ಯರಿಗೆ ಜಿಪುಣತನ. ಮಧ್ಯರಾತ್ರಿ ಮಳೆಯಲ್ಲಿ ಸೇತುವೆಯ ಮೇಲೆ ನಿಲ್ಲುವುದು ಆ ಮನುಷ್ಯರೇ. ಒಬ್ಬರ ಬದಲು ಇಬ್ಬರನ್ನು ಕೇಳಿ. ಒಬ್ಬರನ್ನೇ ಆ ಹೊತ್ತಿನಲ್ಲಿ ಕಾಲುವೆಯ ಬಳಿ ಕಳುಹಿಸುವುದು ಸರಿಯೂ ಅಲ್ಲ.

ಹಣ ಬಂದ ನಂತರದ ಪಾಡನ್ನೂ ಕೇಳಿಸಿಕೊಳ್ಳಿ. ಒಮ್ಮೆ ನನ್ನ ಯೋಜನೆಯ ಎರಡನೆಯ ಕಂತು ಫೆಬ್ರುವರಿ ಕೊನೆಗೆ ಬಂತು. ನಾನು ಆಗ ಇದ್ದ ಸಂಸ್ಥೆಯ ಖರೀದಿ ವಿಭಾಗ ಮೂರು ದರಪಟ್ಟಿಗಳಲ್ಲಿ ಒಂದಕ್ಕೆ ಮೊಹರು ಇಲ್ಲವೆಂದು ಕಡತ ಹಿಂದಕ್ಕೆ ಕಳುಹಿಸಿತು. ಮಾರ್ಚ್ 31 ಬಂತು, ಹೋಯಿತು. ಖರ್ಚಾಗದ ಹಣ ವಾಪಸ್ಸು. ಉಳಿದ ವರ್ಷ ಸಾಲ ತಂದ ಆಸಿಲೋಸ್ಕೋಪ್‌ನಲ್ಲಿ ಕೆಲಸ ಮಾಡಿದೆವು, ಅದರ ಒಂದು ಗುಬುಟು ಕಿತ್ತುಹೋಗಿತ್ತು, ಇಕ್ಕಳದಿಂದ ತಿರುಗಿಸುತ್ತಿದ್ದೆವು. ಆದ್ದರಿಂದ ದೊಡ್ಡ ಖರೀದಿಗಳನ್ನೆಲ್ಲ ಮೊದಲ ವರ್ಷದ ಮೊದಲ ಆರು ತಿಂಗಳಿಗೆ ಬರೆಯಿರಿ. ಹಣ ಬಳಕೆ ಪ್ರಮಾಣಪತ್ರದ 12-ಎ ನಮೂನೆಯನ್ನು ಕಾಲೇಜಿನ ಲೆಕ್ಕಿಗರಿಗೆ ಈಗಲೇ ತೋರಿಸಿ, ಅವರು ಅದನ್ನು ಹಿಂದೆ ತುಂಬಿದ್ದಾರೆಯೇ ಕೇಳಿ. ಇನ್ನೊಂದು ವಿಷಯವನ್ನೂ ಅವರಲ್ಲಿಯೇ ಕೇಳಿ: ಅನುದಾನದ ಮೇಲಿನ ಜಿಎಸ್‌ಟಿಗೆ 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿದ ವಿನಾಯಿತಿ ಖಾಸಗಿ ಕಾಲೇಜಿಗೆ ಸಿಗಬೇಕಾದರೆ 1961ರ ಆದಾಯ ತೆರಿಗೆ ಕಾಯ್ದೆಯ 35ನೇ ವಿಧಿಯ ಅಡಿ ಅಧಿಸೂಚಿತವಾಗಿರಬೇಕು ಎಂದಿತ್ತು. ನಿಮ್ಮ ಸಂಸ್ಥೆ ಆಗಿದೆಯೇ?

ಇಷ್ಟೆಲ್ಲ ಮುಂದಿನ ಮಾತು. ಮಳೆಗಾಲಕ್ಕೆ ಮೊದಲು ಒಂದು ಸಣ್ಣ ಕೆಲಸ ಮಾಡಿ. ಕಾಲೇಜಿನ ನೀರಿನ ಸಂಪಿನ ಮೇಲೆ ಮಾಡ್ಯೂಲ್ ಕಟ್ಟಿ. ಮೊದಲು ಬರೀ ನೀರು. ನಂತರ ಬಟ್ಟೆ ಸೋಪಿನ ಪುಡಿ ಕದಡಿ ಹತ್ತು, ಇಪ್ಪತ್ತು, ನಲವತ್ತು ಸೆಂಟಿಮೀಟರ್ ನೊರೆ ಎಬ್ಬಿಸಿ. ಕುಡಿಯುವ ನೀರಿನ ಸಂಪು ಬೇಡ, ಪ್ರಾಂಶುಪಾಲರು ನನ್ನನ್ನು ಬೈಯುತ್ತಾರೆ. ಪ್ರತಿ ಸಲವೂ ಸ್ಕೇಲಿನಿಂದ ನೀರಿನ ನಿಜವಾದ ಮಟ್ಟ ಗುರುತಿಸಿ, ನೊರೆ ಇಳಿಯುತ್ತ ಹೋಗುವ ಹತ್ತು ನಿಮಿಷವೂ ದಾಖಲಿಸಿ, ಏಕೆಂದರೆ ನೊರೆ ಒಣಗುವಾಗ ಪ್ರತಿಧ್ವನಿ ಹೇಗೆ ಬದಲಾಗುತ್ತದೆ ಎಂಬುದರಲ್ಲಿಯೇ ಉತ್ತರದ ತುದಿ ಇರಬಹುದು. ಪಕ್ಕದಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್ ಒಂದನ್ನು ಇಟ್ಟು ಅದರ ಓದನ್ನೂ ಬರೆದುಕೊಳ್ಳಿ. ನಾಲ್ಕು ಗೆರೆಗಳ ಒಂದು ಚಿತ್ರ ಬರುತ್ತದೆ. ಅದನ್ನು ಸಾರಾಂಶದ ಕೆಳಗೆ, ಮೊದಲ ಪುಟದಲ್ಲಿಯೇ ಹಾಕಿ. ಏಳನೆಯ ಪುಟದ ಆ ವಾಕ್ಯ ಅದರ ಮೇಲಿರಲಿ.

ಚಿತ್ರ ಸಿದ್ಧವಾದಾಗ ಅದನ್ನೂ ಹೊಸ ಸಾರಾಂಶವನ್ನೂ ಕಳುಹಿಸಿ, ನೋಡುತ್ತೇನೆ. ಬಜೆಟ್ ಪುಟ ಆಮೇಲೆ.